ನೆಲ ಅಗೆಸುವ ಮುನ್ನ

ಜರ್ಮನಿಯ ಹೊಸ ಮನೆಗಳಲ್ಲಿ ಗೋಡೆಗೆ ರೇಡಿಯೇಟರ್ ಕೂರಿಸುವುದು ಕಡಿಮೆಯಾಗಿದೆ. ನೆಲದ ಗಾರೆಯೊಳಗೆ ಹಾಸಿದ ಪ್ಲಾಸ್ಟಿಕ್ ಪೈಪುಗಳಲ್ಲಿ ಬೆಚ್ಚನೆಯ ನೀರು ಹರಿದು ಇಡೀ ಕೋಣೆಯ ಚಳಿ ಬಿಡಿಸುತ್ತದೆ. ಸರಿಯಾಗಿ ಹಾಸಿದ ಬಿಸಿನೆಲದಷ್ಟು ಹಿತವಾದ ಸೌಕರ್ಯ ಚಳಿಗಾಲದಲ್ಲಿ ಇನ್ನೊಂದಿಲ್ಲ. ಕಾಟಾಚಾರಕ್ಕೆ ಹಾಸಿದ್ದನ್ನು ಕಂಡಾಗ ನನಗೆ ಸಂಕಟವಾಗುವುದೂ ಅದಕ್ಕೇ.

ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಕೋಣೆ ಬೆಚ್ಚಗಿದೆ, ಪಕ್ಕದ್ದು ತಣ್ಣಗಿದೆ, ಥರ್ಮೋಸ್ಟಾಟ್ ಎಷ್ಟು ತಿರುಗಿಸಿದರೂ ಅಷ್ಟೇ. ಆಗ ಮನೆಯವರು ನೀರಿನ ಬಿಸಿ ಏರಿಸುತ್ತಾರೆ. ಅದೂ ಫಲಿಸದಿದ್ದರೆ ನೆಲ ಅಗೆಸುವ ಮಾತೆತ್ತುತ್ತಾರೆ. ದಯವಿಟ್ಟು ತಡೆಯಿರಿ. ಮೊದಲು ನೋಡಬೇಕಾದದ್ದು ಗೋಡೆಯ ಪೆಟ್ಟಿಗೆಯಲ್ಲಿರುವ ಮ್ಯಾನಿಫೋಲ್ಡನ್ನು. ಪ್ರತಿ ಸುತ್ತಿನ ಪೈಪೂ ಅಲ್ಲಿಂದಲೇ ಹೊರಟು ಅಲ್ಲಿಗೇ ಮರಳುತ್ತದೆ.

ವಾಲ್ವುಗಳನ್ನೆಲ್ಲ ತೆರೆದು, ಕೆಲವು ಗಂಟೆ ಕಾದು, ಹೋಗುವ ಮತ್ತು ಮರಳುವ ಪೈಪುಗಳ ಬಿಸಿ ಅಳೆಯಿರಿ. ಹೋಗುವ ನೀರು 35 ಡಿಗ್ರಿ ಇದ್ದರೆ, ಮರಳುವಾಗ 5ರಿಂದ 8 ಡಿಗ್ರಿ ಇಳಿದಿರುವುದು ಒಳ್ಳೆಯ ಲಕ್ಷಣ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಸುತ್ತಿನಲ್ಲಿ ನೀರು ಅತಿಯಾಗಿ ಓಡುತ್ತಿದೆ. ಮರಳುವ ಪೈಪು ತಣ್ಣಗಿದ್ದರೆ ನೀರು ಸರಿಯಾಗಿ ಚಲಿಸುತ್ತಿಲ್ಲ: ಗಾಳಿ ಸಿಕ್ಕಿಕೊಂಡಿರಬಹುದು, ಕೆಸರು ಕಟ್ಟಿರಬಹುದು, ಇಲ್ಲವೇ ಸುತ್ತು ತೀರ ಉದ್ದವಿರಬಹುದು. 16 ಮಿ.ಮೀ. ಪೈಪಿನ ಒಂದು ಸುತ್ತು ಸುಮಾರು 100 ಮೀಟರ್ ದಾಟಬಾರದು. ಬಚ್ಚಲಮನೆಗೆ 40 ಮೀಟರ್, ಹಾಲ್‌ಗೆ 140 ಮೀಟರ್ ಹಾಸಿದರೆ ನೀರು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಗಿಡ್ಡ ಸುತ್ತಿನ ಹರಿವನ್ನು ವಾಲ್ವಿನಲ್ಲಿ ಬಿಗಿಮಾಡಿದರೆ ಉದ್ದದ್ದಕ್ಕೆ ಒಂದಿಷ್ಟು ನೀರು ಸಿಗುತ್ತದೆ. ಎಷ್ಟೋ ಮನೆಗಳ ರೋಗ ಇಷ್ಟರಲ್ಲೇ ವಾಸಿಯಾಗುತ್ತದೆ.

ಮುಂದಿನದು ವೈರಿಂಗ್. ಹಾಲ್‌ನ ಥರ್ಮೋಸ್ಟಾಟ್ ತಿರುಗಿಸಿದರೆ ಮಲಗುವ ಕೋಣೆಯ ವಾಲ್ವ್ ತೆರೆದುಕೊಳ್ಳುವುದೂ ಉಂಟು. ಒಂದೊಂದನ್ನೇ ತಿರುಗಿಸಿ, ಕೆಲವು ನಿಮಿಷ ಕಾದು, ಯಾವುದು ತೆರೆಯಿತೆಂದು ಗುರುತುಹಾಕಿಕೊಳ್ಳಿ.

ಇಷ್ಟಾದ ಮೇಲೆ ನೆಲದ ಸರದಿ. ತಣ್ಣಗಿದ್ದ ನೆಲಕ್ಕೆ ಬಿಸಿನೀರು ಬಿಟ್ಟ ಮೇಲೆ ಥರ್ಮಲ್ ಕ್ಯಾಮೆರಾದಲ್ಲಿ ಪೈಪಿನ ಸಾಲು ಮೂಡುತ್ತದೆ. ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದು ತಿಳಿಯುತ್ತದೆ. ಹರಿವು, ಬಿಸಿ ಎರಡೂ ಸರಿಯಿದ್ದು ನೆಲಮಹಡಿ ಮಾತ್ರ ಬೆಚ್ಚಗಾಗದೆ ಬಿಲ್ಲು ಏರುತ್ತಿದ್ದರೆ, ಪೈಪಿನಡಿಯ ಥರ್ಮಾಕೋಲ್ ಹಾಸಿನ ಮೇಲೆ ಅನುಮಾನಪಡಿ. ಅದು ತೆಳುವಾಗಿದ್ದರೆ ಶಾಖ ಮಣ್ಣಿನ ಪಾಲು. ನೀರನ್ನು ಇನ್ನಷ್ಟು ಕಾಯಿಸುವುದು ಇದಕ್ಕೆ ಮದ್ದಲ್ಲ. ಜನ ಓಡಾಡುವ ನೆಲದ ಮೇಲ್ಮೈ 29 ಡಿಗ್ರಿ ಮೀರಬಾರದೆಂದು ಯುರೋಪಿನ ಮಾನದಂಡವೇ ಹೇಳುತ್ತದೆ.

1947ರಿಂದ ನ್ಯೂಯಾರ್ಕ್ ಬಳಿಯ ಲೆವಿಟೌನ್‌ನಲ್ಲಿ ಕಟ್ಟಿದ ಸಾವಿರಾರು ಮನೆಗಳ ಕಾಂಕ್ರೀಟ್ ನೆಲದೊಳಗೂ ಬಿಸಿನೀರಿನ ಪೈಪುಗಳಿದ್ದವು. ವರ್ಷಗಳ ಮೇಲೆ ಅವು ಸೋರತೊಡಗಿದಾಗ ಅನೇಕರು ಆ ವ್ಯವಸ್ಥೆಯನ್ನೇ ಕೈಬಿಟ್ಟರು. ಗಾರೆಯಡಿ ಹೂತದ್ದನ್ನು ತಿದ್ದುವುದು ಅಷ್ಟು ಕಷ್ಟ. ಆದ್ದರಿಂದ ಮನೆ ಕಟ್ಟಿಸುವವರು ಗಾರೆ ಸುರಿಯುವ ಮೊದಲೇ ಮೂರನ್ನು ಪಟ್ಟುಹಿಡಿದು ಪಡೆಯಿರಿ: ಒತ್ತಡ ಪರೀಕ್ಷೆಯ ದಾಖಲೆ, ಪ್ರತಿ ಸುತ್ತಿನ ಉದ್ದದ ಪಟ್ಟಿ, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ. ಇವಿಲ್ಲದೆ ಬಾಕಿ ಹಣ ಕೊಡಬೇಡಿ.