ಶಟ್‌ಡೌನ್ ಆದ ಮೇಲೂ ಆರದ ಕಂಪ್ಯೂಟರ್

ಹಳೆಯ ಕಂಪ್ಯೂಟರ್‌ಗಳನ್ನು ಜತನದಿಂದ ಕಾಪಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಶಟ್‌ಡೌನ್ ಕೊಟ್ಟರೆ ವಿಂಡೋಸ್ ಮುಗಿಯುತ್ತದೆ, ಯಂತ್ರ ಮಾತ್ರ ಆರುವುದಿಲ್ಲ. ‘ಇನ್ನು ಆಫ್ ಮಾಡಬಹುದು’ ಎನ್ನುವ ಕಿತ್ತಳೆ ಅಕ್ಷರಗಳು ಕಪ್ಪು ಪರದೆಯ ಮೇಲೆ ನಿಂತುಬಿಡುತ್ತವೆ. ಏಕೆ?

ಬಹಳ ಮಂದಿ ನೇರವಾಗಿ ಸೆಟ್ಟಿಂಗ್ಸ್‌ಗೆ ಕೈಹಾಕುತ್ತಾರೆ. ಮೊದಲು ನೋಡಬೇಕಾದದ್ದು ಪವರ್ ಸಪ್ಲೈ. ಅದು ಎಟಿ ಮಾದರಿಯದಾದರೆ ಕ್ಯಾಬಿನೆಟ್ಟಿನ ಸ್ವಿಚ್ಚೇ 230 ವೋಲ್ಟನ್ನು ಕಡಿಯುವುದು. ಸಾಫ್ಟ್‌ವೇರಿನ ಮಾತು ಅಲ್ಲಿಗೆ ತಲುಪುವುದೇ ಇಲ್ಲ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಇದನ್ನು ಬದಲಿಸಿತು. ಅದರ ಹಸಿರು ತಂತಿಯನ್ನು ಮದರ್‌ಬೋರ್ಡ್ ಗ್ರೌಂಡಿಗೆ ಹಿಡಿದಿರುವಷ್ಟು ಹೊತ್ತು ಸಪ್ಲೈ ಓಡುತ್ತದೆ, ಬಿಟ್ಟೊಡನೆ ನಿಲ್ಲುತ್ತದೆ. ತಾನಾಗಿ ಆರುವುದೆಂದರೆ ಇಷ್ಟೇ. ಎಷ್ಟು ಚೆಂದದ ಏರ್ಪಾಡು!

ಆ ತಂತಿಯನ್ನು ಬಿಡು ಎಂದು ಬೋರ್ಡಿಗೆ ಹೇಳಲು ಎರಡು ದಾರಿಗಳಿವೆ: 1992ರ ಎಪಿಎಂ, 1996ರ ಎಸಿಪಿಐ. ಎಟಿಎಕ್ಸ್ ಇದ್ದೂ ಯಂತ್ರ ಆರದಿದ್ದರೆ ದೋಷ ಹೆಚ್ಚಾಗಿ ಇಲ್ಲೇ ಇರುತ್ತದೆ. ವಿಂಡೋಸ್ ಎಕ್ಸ್‌ಪಿಯ ಡಿವೈಸ್ ಮ್ಯಾನೇಜರ್‌ನಲ್ಲಿ ಕಂಪ್ಯೂಟರ್ ಎಂಬುದರ ಕೆಳಗೆ ‘ಸ್ಟ್ಯಾಂಡರ್ಡ್ ಪಿಸಿ’ ಎಂದಿದ್ದರೆ ಎಸಿಪಿಐ ಬಳಕೆಯಲ್ಲಿಲ್ಲ ಎಂದರ್ಥ. ಆಗ ಪವರ್ ಆಪ್ಷನ್ಸ್‌ನಲ್ಲಿ ಎಪಿಎಂ ಟ್ಯಾಬ್ ಕಂಡರೆ ಅದನ್ನು ತೆರೆದು ಗುರುತು ಹಾಕಿ. ಬಹಳಷ್ಟು ಸಲ ಅಷ್ಟು ಸಾಕು. ಬಯೋಸ್‌ಗೆ ಹೋಗಿ ಎಸಿಪಿಐ ಆನ್ ಮಾಡುವ ಆತುರ ಮಾತ್ರ ಬೇಡ. ವಿಂಡೋಸ್ ಹಾಕಿಯಾದ ಮೇಲೆ ಅದನ್ನು ಬದಲಿಸಿದರೆ ಎಕ್ಸ್‌ಪಿ ಬೂಟ್ ಆಗದೆ ಕೈಕೊಡುವುದುಂಟು. ಹಳೆಯ ಲಿನಕ್ಸ್‌ನಲ್ಲಿ ಎರಡು ಪ್ರೊಸೆಸರ್‌ಗಳ ಬೋರ್ಡ್ ಇದ್ದರೆ ಎಪಿಎಂ ತಾನೇ ಹಿಂದೆ ಸರಿಯುತ್ತದೆ. ಆರಿಸುವ ಕೆಲಸಕ್ಕಷ್ಟೇ ಅದನ್ನು ಬಳಸು ಎಂದು ಕರ್ನಲ್‌ಗೆ ಬೂಟ್ ಸಾಲಿನಲ್ಲಿ ಹೇಳಬೇಕು. ‘ಹಾಲ್ಟ್’ ಬದಲು ‘ಪವರ್‌ಆಫ್’ ಕೊಡುವುದನ್ನೂ ರೂಢಿ ಮಾಡಿಕೊಳ್ಳಿ. ಹಾಲ್ಟ್ ವ್ಯವಸ್ಥೆಯನ್ನು ನಿಲ್ಲಿಸಿ ಸುಮ್ಮನಾಗಬಹುದು.

ಇನ್ನು ಎಟಿ ಯಂತ್ರಗಳ ವಿಷಯ. ಅವುಗಳೊಳಗೆ ಎಟಿಎಕ್ಸ್ ಸಪ್ಲೈ ತುರುಕಲು ಕೆಲವರು ಕ್ಯಾಬಿನೆಟ್ಟನ್ನೇ ಕೊರೆಯುತ್ತಾರೆ. ನನಗದು ಸರಿ ಕಾಣುವುದಿಲ್ಲ. ಸಾಕೆಟ್ 7 ಕಾಲದ ಕೆಲವು ಬೋರ್ಡ್‌ಗಳಲ್ಲಿ ಎರಡೂ ಬಗೆಯ ಕನೆಕ್ಟರ್ ಇವೆ. ಅಂಥದ್ದು ಸಿಕ್ಕರೆ ಬೇರೆ ಮಾತು. ಉಳಿದವು ಆ ಕಿತ್ತಳೆ ಸಂದೇಶದವರೆಗೆ ಬಂದು ನಿಲ್ಲಲಿ, ಸ್ವಿಚ್ಚನ್ನು ನಾವೇ ಒತ್ತೋಣ. ‘ಲೋಗೋಸ್.ಸಿಸ್’ ಎಂಬ ಆ ಪರದೆಯ ಕಡತ ವಾಸ್ತವದಲ್ಲಿ ಒಂದು ಬಿಟ್‌ಮ್ಯಾಪ್ ಚಿತ್ರ. ಪೇಂಟ್‌ನಲ್ಲಿ ತೆರೆದು ನೋಡಬಹುದು.

ಎಟಿಎಕ್ಸ್ ಯಂತ್ರ ತಾನಾಗಿ ಆರಿದರೂ ಅದರ ನೇರಳೆ ತಂತಿಯಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಒಳಗೆ ಕೈಹಾಕುವ ಮುನ್ನ ದಯವಿಟ್ಟು ಪ್ಲಗ್ ಕೀಳಿ.