ಬಾಡಿಗೆಯ ಕೋಣೆಯ ರಹಸ್ಯ

ಲಂಡನ್ ನಗರದ ಪೂರ್ವದಿಕ್ಕಿನ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲಿಯೂ ಅದರ ಆಸುಪಾಸಿನಲ್ಲಿಯೂ 1888ನೆಯ ಇಸವಿಯಲ್ಲಿ, ಆಗಸ್ಟ್ 31ರಿಂದ ನವೆಂಬರ್ 9ರೊಳಗೆ, ಒಬ್ಬನದೇ ಕೃತ್ಯವೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಐದು ಕೊಲೆಗಳು ನಡೆದುವು. ಹತರಾದವರೆಲ್ಲರೂ ಸ್ತ್ರೀಯರು. ಎರಡು ಪೊಲೀಸು ಪಡೆಗಳು ಶೋಧಿಸಿದರೂ ಅಪರಾಧಿಯು ಇಂದಿಗೂ ಗೊತ್ತಾಗಿಲ್ಲ. 'ಜ್ಯಾಕ್ ದಿ ರಿಪ್ಪರ್' ಎಂಬ ಹೆಸರಾದರೂ ಸುದ್ದಿಸಂಸ್ಥೆಯೊಂದಕ್ಕೆ ಬಂದ ಕಾಗದದಲ್ಲಿ ಹುಟ್ಟಿದ್ದು. ಅದನ್ನು ಬರೆದವನು ಪತ್ರಿಕಾಕರ್ತನೆಂದು ಅಂದಿನ ಅಧಿಕಾರಿಗಳೇ ಶಂಕಿಸಿದ್ದರು.

ಈ ಪ್ರಕರಣದಿಂದ ಹುಟ್ಟಿದ ಕಥೆಗಳಲ್ಲಿ ಮೇರಿ ಬೆಲಾಕ್ ಲೌಂಡ್ಸ್ ಅವರು 1913ರಲ್ಲಿ ಪ್ರಕಟಿಸಿದ 'ದಿ ಲಾಡ್ಜರ್' ಎಂಬ ಕಾದಂಬರಿಗೆ ನಾವು ಅಗ್ರಸ್ಥಾನವನ್ನು ಕೊಡುತ್ತೇವೆ. ಇದು ಹೆಸರಿಗೆ ಮಾತ್ರ ಪತ್ತೇದಾರಿ ಕಥೆ. ದೊಡ್ಡ ಮನೆಗಳಲ್ಲಿ ಊಳಿಗಮಾಡಿ ಬಿಟ್ಟ ಬಂಟಿಂಗ್ ದಂಪತಿಗಳು ಉಪವಾಸದ ಅಂಚಿಗೆ ಬಂದಿರುವಾಗ, ಬಾಡಿಗೆಯನ್ನು ಚಿನ್ನದ ನಾಣ್ಯಗಳಲ್ಲಿ ಮುಂಗಡವಾಗಿ ಎಣಿಸುವ ಗೃಹಸ್ಥನೊಬ್ಬನು ಬಾಗಿಲು ತಟ್ಟುತ್ತಾನೆ. ಅವನು ನಡುರಾತ್ರಿ ಹೊರಗೆ ಹೋಗುವುದನ್ನು ಮನೆಯೊಡತಿಯು ಮಲಗಿದಲ್ಲಿಂದಲೇ ಕೇಳುತ್ತಾಳೆ, ಎಲ್ಲವನ್ನೂ ಊಹಿಸುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ತನ್ನ ಅಡಿಗೆಮನೆಯಲ್ಲಿಯೇ ಕುಳಿತು ಹರಟುವ ತರುಣ ಪತ್ತೇದಾರನಿಗೂ ಹೇಳುವುದಿಲ್ಲ. ಗಂಡನಿಗೆ ಸುಳ್ಳು ಹೇಳಿ ಮರಣವಿಚಾರಣೆಯನ್ನು ಕೇಳಲು ಒಬ್ಬಳೇ ಹೋಗುವ ಪ್ರಕರಣವಂತೂ ಗ್ರಂಥಕರ್ತ್ರಿಯ ಮನೋಜ್ಞಾನಕ್ಕೆ ಸಾಕ್ಷಿ. (1927ರ ಹಿಚ್‌ಕಾಕ್ ಅವರ ಚಲಚ್ಚಿತ್ರದಲ್ಲಿ ನಾಯಕನಟನ ಕೀರ್ತಿಯನ್ನು ಕಾಯಲು ಬಾಡಿಗೆದಾರನನ್ನು ನಿರಪರಾಧಿಯನ್ನಾಗಿ ಮಾಡಿದರು, ಆ ತಾಯಿಯ ಸಂಕಟಕ್ಕೆ ನೆಲೆಯೇ ತಪ್ಪಿತು.)

ಆದರೂ ಒಂದು ದೋಷವನ್ನು ಹೇಳದೆ ವಿಧಿಯಿಲ್ಲ. ಕಾದಂಬರಿಯಲ್ಲಿ ಸತ್ತವರು ಬರಿಯ ಕುಡುಕ ಹೆಂಗಸರು. ಅವರಿಗೆ ಮುಖವಿಲ್ಲ, ಮನೆಯಿಲ್ಲ. ಹ್ಯಾಲಿ ರೂಬೆನ್‌ಹೋಲ್ಡ್ ಅವರು 2019ರಲ್ಲಿ ಬರೆದ 'ದಿ ಫೈವ್' ಎಂಬ ಗ್ರಂಥವು ಈ ಕೊರತೆಯನ್ನು ತುಂಬುತ್ತದೆ. ಕೊಲೆಗಾರನನ್ನು ಹುಡುಕುವ ಗೋಜಿಗೇ ಅದು ಹೋಗುವುದಿಲ್ಲ. ಐವರ ಬಾಳನ್ನು ಮಾತ್ರ ಹುಟ್ಟಿನಿಂದ ಹೇಳುತ್ತದೆ. ಮೊದಲನೆಯವಳಾದ ಮೇರಿ ಆನ್ ನಿಕಲ್ಸ್ ಮುದ್ರಣಕಾರನೊಬ್ಬನ ಪತ್ನಿ, ಮಕ್ಕಳ ತಾಯಿ. ಸಂಸಾರವು ಒಡೆದು ಬೀದಿಪಾಲಾದವಳು. ಆಗಸ್ಟಿನ ಆ ರಾತ್ರಿ ಹಾಸಿಗೆಯ ಬಾಡಿಗೆ ನಾಲ್ಕು ಪೆನ್ಸುಗಳು ಕೈಯಲ್ಲಿಲ್ಲದ ಕಾರಣ ಅವಳನ್ನು ವಸತಿಗೃಹದಿಂದ ಹೊರಕ್ಕೆ ಕಳುಹಿಸಿದರು.

ಬಂಟಿಂಗ್ ದಂಪತಿಗಳನ್ನು ಬದುಕಿಸಿದುದೂ ಬಾಡಿಗೆಯ ಹಣವೇ, ಇವಳನ್ನು ಕತ್ತಲೆಗೆ ನೂಕಿದುದೂ ಅದೇ. ಲೌಂಡ್ಸ್ ಅವರು ಬಡತನವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲವರಾಗಿದ್ದೂ ಬಾಗಿಲಿನ ಒಳಗಿನದನ್ನು ಮಾತ್ರ ಕಂಡರು. ಅವರ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ವಾಚಕರು ಎರಡನೆಯ ಗ್ರಂಥವನ್ನೂ ಜೊತೆಯಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.