ಸ್ವಯಂಸೇವಕರ ವಿಶ್ವಕೋಶದಲ್ಲಿ ಸಂಗೀತ ಮತ್ತು ಇತಿಹಾಸ

ವಿಶ್ವಕೋಶದ ಕೆಲಸವನ್ನು ಸಂಭಾವನೆಯಿಲ್ಲದೆ ಮಾಡುವವರು ಈ ಶತಮಾನದಲ್ಲಿಯೇ ಹುಟ್ಟಿದರೆಂದು ಭಾವಿಸುವುದು ತಪ್ಪು. ಫ್ರಾನ್ಸಿನಲ್ಲಿ ದಿದರೋನ ಸಂಪಾದಕತ್ವದಲ್ಲಿ 1751ರಿಂದ ಹೊರಬಂದ ಮಹಾಕೋಶಕ್ಕೆ ಜೋಕೂರ್ ಎಂಬ ವಿದ್ವಾಂಸನು ಸುಮಾರು 17,000 ಲೇಖನಗಳನ್ನು ಬರೆದುಕೊಟ್ಟನು. ಇಡೀ ಕೋಶದ ಲೇಖನಗಳಲ್ಲಿ ಇದು ಹೆಚ್ಚುಕಡಿಮೆ ಕಾಲು ಭಾಗ. ಪ್ರತಿಫಲದ ಮಾತು ಹಾಗಿರಲಿ, ತನ್ನ ಲಿಪಿಕಾರರಿಗೆ ಸಂಬಳ ಕೊಡುವುದಕ್ಕಾಗಿ ಆತ ಸ್ವಂತ ಮನೆಯನ್ನು ಮಾರಿದನು. ಅದನ್ನು ಕೊಂಡವನು ಆ ಕೋಶದ ಪ್ರಕಾಶಕನೇ! ಅದೇ ಕೋಶದ ಸಂಗೀತ ವಿಷಯಕ ಲೇಖನಗಳನ್ನು ರೂಸೋ ಮೂರು ತಿಂಗಳ ಗಡುವಿನಲ್ಲಿ ಅವಸರದಿಂದ ಬರೆದನು. ಅವುಗಳಲ್ಲಿಯ ದೋಷಗಳನ್ನು ತೋರಿಸುವುದಕ್ಕೆ ಆ ಕಾಲದ ಸಂಗೀತಶಾಸ್ತ್ರಜ್ಞರಲ್ಲಿ ಅಗ್ರಗಣ್ಯನಾಗಿದ್ದ ರಮೋ 1755ರಲ್ಲಿ ಪ್ರತ್ಯೇಕವಾದ ಒಂದು ಪುಸ್ತಕವನ್ನೇ ಪ್ರಕಟಿಸಬೇಕಾಯಿತು. ಕೋಶವನ್ನು ಕೊಂಡವನ ಕೈಗೆ ರಮೋನ ಪುಸ್ತಕವೂ ಬಂದಿತೆಂಬ ಭರವಸೆಯೇನು? ತಪ್ಪು ಒಂದು ಕಪಾಟಿನಲ್ಲಿ, ತಿದ್ದುಪಡಿ ಇನ್ನೊಂದು ಕಪಾಟಿನಲ್ಲಿ ಉಳಿದುಹೋಯಿತು.

2001ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯದ ನಿಜವಾದ ಹೊಸತನವಿರುವುದು ಇಲ್ಲಿ. ಅದರಲ್ಲಿ ರೂಸೋ ಬರೆದ ಪುಟವನ್ನು ರಮೋ ತಿದ್ದಬಹುದು. ತಿದ್ದಿದ್ದನ್ನು ರೂಸೋ ಮತ್ತೆ ಅಳಿಸಬಹುದು. ಇಬ್ಬರ ಜಗಳವೂ ಲೇಖನದ ಬೆನ್ನಿಗಿರುವ ಚರ್ಚಾಪುಟದಲ್ಲಿ ದಿನಾಂಕಸಹಿತ ಉಳಿದಿರುತ್ತದೆ. ಸಂಗೀತವನ್ನು ವೃತ್ತಿಯಾಗಿ ಕಲಿಯದವರು ಸಂಗೀತಕೋಶ ಬರೆಯುವುದೂ ಹೊಸದೇನಲ್ಲ. 1879ರಿಂದ 1889ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪಾಶ್ಚಾತ್ಯ ಸಂಗೀತದ ಪ್ರಖ್ಯಾತ ಕೋಶವನ್ನು ಹೊರತಂದ ಜಾರ್ಜ್ ಗ್ರೋವ್ ದೀಪಸ್ತಂಭಗಳನ್ನು ಕಟ್ಟಿದ ಇಂಜಿನಿಯರು. ಕನ್ನಡದಲ್ಲಂತೂ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಏಕಾಂಗಿಯಾಗಿ ರಚಿಸಿ, 1936ರಲ್ಲಿಯೇ ಕೋಶರಚನೆಗೆ ಪದವಿಗಿಂತ ಪರಿಶ್ರಮ ಮುಖ್ಯವೆಂಬುದನ್ನು ತೋರಿಸಿದ್ದಾರೆ. ಆದುದರಿಂದ ಬರೆದವರು ಯಾರು, ಅವರ ಯೋಗ್ಯತೆ ಏನು ಎಂಬ ಪ್ರಶ್ನೆಯನ್ನು ಇಲ್ಲಿ ಬದಿಗಿಡುವುದೇ ಲೇಸು. ಅವರು ತಮಗೆ ವಿಧಿಸಿಕೊಂಡ ನಿಯಮಗಳು ಇತಿಹಾಸ ಮತ್ತು ಸಂಗೀತವೆಂಬ ಎರಡು ವಿಷಯಗಳಲ್ಲಿ ಹೇಗೆ ಫಲಿಸಿವೆ ಎಂಬುದು ಪರಿಶೀಲನಾರ್ಹ.

ನಿಯಮಗಳು ಮುಖ್ಯವಾಗಿ ಮೂರು. ಪ್ರಕಟವಾದ ಆಕರದ ಆಧಾರವಿಲ್ಲದೆ ಏನನ್ನೂ ಬರೆಯಕೂಡದು. ಸ್ವಂತ ಸಂಶೋಧನೆಯನ್ನು ಸೇರಿಸಕೂಡದು. ಭಿನ್ನ ಪಕ್ಷಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ನಿಷ್ಪಕ್ಷಪಾತವಾಗಿ ನಿರೂಪಿಸಬೇಕು. ಬಹಳ ವಿನಯದ ನಿಯಮಗಳಿವು. ಈ ವಿನಯ ಇತಿಹಾಸಕ್ಕೆ ಸಾಕಷ್ಟು ಒಗ್ಗಿದೆ. ಸಂಗೀತಕ್ಕೆ ಅಷ್ಟಾಗಿ ಒಗ್ಗಿಲ್ಲ.

ಇತಿಹಾಸವನ್ನು ಮೊದಲು ನೋಡಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2006ರ ಸುಮಾರಿನಿಂದ ಕೆಲವೇ ವರ್ಷಗಳಲ್ಲಿ ಚಾಲುಕ್ಯ, ರಾಷ್ಟ್ರಕೂಟ, ಗಂಗ, ಹೊಯ್ಸಳ, ವಿಜಯನಗರಗಳ ಮೇಲಣ ಲೇಖನಗಳು ಕೆಲವೇ ಜನ ಸ್ವಯಂಸೇವಕರ ಸಾಹಸದಿಂದ ಅಲ್ಲಿಯ ಅತ್ಯುನ್ನತ ಶ್ರೇಣಿಯಾದ ‘ವಿಶೇಷ ಲೇಖನ’ದ ಪದವಿಯನ್ನು ಗಳಿಸಿದವು. ಈ ಪದವಿ ಸುಲಭದಲ್ಲಿ ದೊರೆಯುವಂಥದಲ್ಲ. ಕರ್ನಾಟಕದ ಹೆಸರನ್ನಷ್ಟೇ ಕೇಳಿರುವ ದೂರದೇಶದ ಪರಿಶೀಲಕನೊಬ್ಬನು ವಾಕ್ಯವಾಕ್ಯಕ್ಕೂ ಆಧಾರ ಕೇಳುತ್ತಾನೆ, ಉತ್ತರ ಹೇಳಬೇಕು. ಅಭಿಮಾನದ ಉತ್ಪ್ರೇಕ್ಷೆಗೆ ಇಷ್ಟು ಒಳ್ಳೆಯ ಔಷಧ ಬೇರೊಂದಿಲ್ಲ. ಸಳನು ಹುಲಿಯನ್ನು ಕೊಂದ ಕಥೆಯನ್ನು ಆ ಲೇಖನ ನಿರ್ವಹಿಸಿರುವ ಬಗೆ ಇದಕ್ಕೆ ನಿದರ್ಶನ. ಕಥೆಯನ್ನು ಅದು ಬಿಟ್ಟಿಲ್ಲ, ಸತ್ಯವೆಂದೂ ಸಾರಿಲ್ಲ. ವಿಷ್ಣುವರ್ಧನನ 1117ರ ಬೇಲೂರು ಶಾಸನ ಅದನ್ನು ಹೇಳುತ್ತದೆ, ಆದರೆ ಕಥೆಯಲ್ಲಿ ಅಸಂಗತಿಗಳಿರುವುದರಿಂದ ಅದು ಐತಿಹ್ಯದ ವಲಯದಲ್ಲಿಯೇ ನಿಲ್ಲುತ್ತದೆ ಎಂದು ಮಾತು ಮುಗಿಸಿದೆ. ನಮ್ಮ ಎಷ್ಟೋ ಪಠ್ಯಪುಸ್ತಕಗಳು ಈ ಸಂಯಮವನ್ನು ಕಲಿಯಬೇಕಾಗಿದೆ.

ಆದರೆ ಈ ಲೇಖನಗಳ ಅಡಿಟಿಪ್ಪಣಿಗಳನ್ನು ಓದುತ್ತ ಹೋದರೆ ಒಂದು ಕೊರತೆ ಎದ್ದು ತೋರುತ್ತದೆ. ನೀಲಕಂಠ ಶಾಸ್ತ್ರಿಗಳ 1955ರ ದಕ್ಷಿಣ ಭಾರತದ ಇತಿಹಾಸ, ಸೂರ್ಯನಾಥ ಕಾಮತರ 1980ರ ಸಂಕ್ಷಿಪ್ತ ಕರ್ನಾಟಕ ಇತಿಹಾಸ ಇವೆರಡರ ಮೇಲೆ ಬಿದ್ದಿರುವ ಭಾರ ಅತಿಯಾದುದು. ಎರಡೂ ಮಾನ್ಯ ಗ್ರಂಥಗಳೇ. ಆದರೆ ಎರಡೂ ಕೈಪಿಡಿಗಳು. ರೈಸ್ ಸಾಹೇಬರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಶಾಸನಪಾಠವನ್ನು ಎದುರಿಗಿಟ್ಟುಕೊಂಡು ಹೊಸ ಅರ್ಥ ಹೇಳುವುದನ್ನು ನಿಯಮವೇ ತಡೆಯುತ್ತದೆ ಎಂಬುದು ನಿಜ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳು ಮುಂತಾದವನ್ನು ಉಲ್ಲೇಖಿಸಲು ಯಾವ ನಿಯಮವೂ ಅಡ್ಡಬಾರದು. ಕನ್ನಡ ಗ್ರಂಥವೆಂಬ ಕಾರಣಕ್ಕೆ ಆಕರ ತಿರಸ್ಕೃತವಾಗುವುದಿಲ್ಲ. ಸಮಾನ ಗುಣದ ಇಂಗ್ಲಿಷ್ ಗ್ರಂಥ ದೊರೆತರೆ ಓದುಗನ ಅನುಕೂಲಕ್ಕಾಗಿ ಅದಕ್ಕೆ ಪ್ರಾಶಸ್ತ್ಯ, ಅಷ್ಟೆ. ಆದರೂ ಪರಿಶೀಲಕನು ಓದಲಾರದ ಪುಸ್ತಕವನ್ನು ಹೆಸರಿಸುವುದಕ್ಕಿಂತ ಓದಬಲ್ಲ ಕೈಪಿಡಿಯನ್ನು ಹೆಸರಿಸುವುದು ಸುಗಮವಾದ ದಾರಿ. ಹೀಗೆ, ಕನ್ನಡದಲ್ಲಿ ಅರ್ಧ ಶತಮಾನ ನಡೆದ ಸಂಶೋಧನೆ ಕನ್ನಡನಾಡಿನ ಚರಿತ್ರೆಯ ಲೇಖನದಲ್ಲಿಯೇ ತೀರ ತೆಳುವಾಗಿ ಕಾಣಿಸಿಕೊಂಡಿದೆ.

ಸಂಗೀತಕ್ಕೆ ಬಂದರೆ ಇಕ್ಕಟ್ಟು ಬೇರೆ ಬಗೆಯದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಂಪಾದಕರ ನಡುವೆ ವರ್ಷಗಟ್ಟಲೆ ನಡೆದ ಒಂದು ವ್ಯಾಜ್ಯ ಮೊದಲ ನೋಟಕ್ಕೆ ಹಾಸ್ಯಾಸ್ಪದವೆನಿಸೀತು. ವಾಗ್ಗೇಯಕಾರನ ಜೀವನಚರಿತ್ರೆಯ ತಲೆಯಲ್ಲಿ ಜನನ, ಮರಣ, ಊರು, ಪ್ರಕಾರ ಇತ್ಯಾದಿಗಳನ್ನು ತುಂಬಿದ ಮಾಹಿತಿಪೆಟ್ಟಿಗೆ ಇರಬೇಕೆ ಬೇಡವೆ ಎಂಬುದೇ ಆ ವ್ಯಾಜ್ಯ. ಅದು 2013ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಅಲ್ಲಿಯ ಮಧ್ಯಸ್ಥ ಸಮಿತಿಯ ಕಟ್ಟೆಯನ್ನೇರಿತು. ಪೆಟ್ಟಿಗೆಯನ್ನು ಬೇಡವೆಂದವರ ವಾದದಲ್ಲಿ ಹುರುಳಿದೆ: ವಾಕ್ಯದಲ್ಲಿ ‘ಬಹುಶಃ’ ಎಂಬ ಮಾತಿಗೆ ಸ್ಥಳವುಂಟು, ಪೆಟ್ಟಿಗೆಯ ಕೋಣೆಯಲ್ಲಿ ಇಲ್ಲ. ಈ ವಾದದ ಬೆಲೆ ತಿಳಿಯುವುದಕ್ಕೆ ವಿಯೆನ್ನಾ ನಗರದ ವರೆಗೆ ಹೋಗಬೇಕಾಗಿಲ್ಲ. ಪುರಂದರದಾಸರ ಜನ್ಮಸ್ಥಳವೆಂಬ ಕೋಣೆಯನ್ನು ತುಂಬಲು ಹೊರಟರೆ ಸಾಕು.

ಪುಣೆಯ ಆಗ್ನೇಯಕ್ಕೆ ಪುರಂದರಗಡವಿದೆ. ಶಿವಾಜಿ ಮಹಾರಾಜರಿಗೂ ಜಯಸಿಂಹನಿಗೂ 1665ರಲ್ಲಿ ಒಪ್ಪಂದವಾದುದು ಅಲ್ಲಿಯೇ. ಆ ಊರಿನ ಕನ್ನಡಿಗರು ರಜಾ ದಿನಗಳಲ್ಲಿ ಹತ್ತುವ ಕೋಟೆಯೂ ಅದೇ. ದಾಸರು ಅಲ್ಲಿ ಹುಟ್ಟಿದರೆಂಬ ಮಾತು ಬಹುಕಾಲದಿಂದ ಅಚ್ಚಾಗುತ್ತ ಬಂದಿದೆ. ತೀರ್ಥಹಳ್ಳಿಯ ಬಳಿಯ ಕ್ಷೇಮಪುರವೆಂಬುದು ಪ್ರತಿಪಕ್ಷ. ಈಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ನೇಮಿಸಿದ ತಜ್ಞರ ಸಮಿತಿಯೂ ವಿಜಯನಗರದ ಕಾಲದಲ್ಲಿ ರಾಜ್ಯಕೇಂದ್ರವಾಗಿದ್ದ ಆರಗದ ಪ್ರದೇಶವನ್ನೇ ಎತ್ತಿಹಿಡಿದಿದೆ. ಪುರಂದರಗಡದ ಪಕ್ಷಕ್ಕೆ ಮುಖ್ಯ ಬಲವೆಂದರೆ ಹೆಸರಿನ ಸಾದೃಶ್ಯ. ಆದರೆ ಅದೇ ಸಂಪ್ರದಾಯ ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕನೆಂದೂ, ‘ಪುರಂದರವಿಠಲ’ ವ್ಯಾಸರಾಯರು ದೀಕ್ಷೆಯ ಕಾಲದಲ್ಲಿ ಕೊಟ್ಟ ಅಂಕಿತವೆಂದೂ ಹೇಳುತ್ತದೆ. ಗುರು ಕೊಟ್ಟ ಅಂಕಿತ ಶಿಷ್ಯನ ತೊಟ್ಟಿಲು ತೂಗಿದ ಊರನ್ನು ಹೇಗೆ ಸಾಧಿಸೀತು? ಈ ಪ್ರಶ್ನೆ ಕೇಳದೆ, ಎಷ್ಟು ಪುಸ್ತಕಗಳು ಯಾವ ಊರನ್ನು ಹೇಳುತ್ತವೆ ಎಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಹತ್ತು ಪುಸ್ತಕಗಳು ಹನ್ನೊಂದನೆಯದನ್ನು ನೋಡಿ ಬರೆದವಾಗಿದ್ದರೆ ಸಾಕ್ಷಿ ಒಂದೇ. ಒಂದೇ ಹಣವನ್ನು ಹತ್ತು ಖಾತೆಗಳಲ್ಲಿ ಜಮಾ ತೋರಿಸಿದರೆ ಆಸ್ತಿ ಹತ್ತು ಪಟ್ಟು ಆಗುವುದಿಲ್ಲವಷ್ಟೆ. ಈಗಂತೂ ವಿಕಿಪೀಡಿಯವನ್ನು ನೋಡಿ ಪತ್ರಿಕೆ ಬರೆಯುವುದು, ಆ ಪತ್ರಿಕೆಯನ್ನು ಆಧಾರವೆಂದು ವಿಕಿಪೀಡಿಯ ತೋರಿಸುವುದು ಎಂಬ ಚಕ್ರಗತಿಯ ಅಪಾಯವೂ ಸೇರಿದೆ.

ದಾಸರು ರಚಿಸಿದ ಪದಗಳ ಸಂಖ್ಯೆ 4,75,000 ಎಂಬ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕು. 1484ರಲ್ಲಿ ಹುಟ್ಟಿ 1564ರಲ್ಲಿ ತೀರಿಕೊಂಡರೆಂಬ ರೂಢಿಯ ಕಾಲಮಾನವನ್ನು ಒಪ್ಪಿ, ಹುಟ್ಟಿದ ದಿನದಿಂದಲೇ ಹಾಡತೊಡಗಿದರೆಂದು ಲೆಕ್ಕಹಾಕಿದರೂ ದಿನಕ್ಕೆ 16 ಪದಗಳಾಗುತ್ತವೆ. ಸಂಪ್ರದಾಯದಲ್ಲಿ ಆ ಸಂಖ್ಯೆ ಭಕ್ತಿಯ ಭಾಷೆ; ಅದರಲ್ಲಿ ದೋಷವಿಲ್ಲ. ‘ಸಂಪ್ರದಾಯ ಹೇಳುತ್ತದೆ’ ಎಂಬ ಎರಡು ಶಬ್ದಗಳು ಕಳಚಿಬಿದ್ದ ಗಳಿಗೆಯಿಂದ ದೋಷ ಆರಂಭವಾಗುತ್ತದೆ. ಹಲವು ಕೈಗಳು ವಾಕ್ಯವನ್ನು ಬಿಗಿಮಾಡುತ್ತ ಹೋದಂತೆ ಮೊದಲು ಉದುರುವವು ಇಂತಹ ಶಬ್ದಗಳೇ.

ದಾಸರು ಪ್ರಾರಂಭಿಕ ಪಾಠಗಳಿಗೆ ಮಾಯಾಮಾಳವಗೌಳ ರಾಗವನ್ನು ಆರಿಸಿದರೆಂಬ ಹೇಳಿಕೆ ಇನ್ನೂ ಸೂಕ್ಷ್ಮವಾದುದು. ಅವರ ಕಾಲದಲ್ಲಿ ಆ ರಾಗದ ಹೆಸರು ಮಾಳವಗೌಳ. ಮೇಳಗಳು 72 ಎಂಬ ಪದ್ಧತಿ ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯ ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ರೂಪುಗೊಂಡ ಮೇಲೆ, ಕಟಪಯಾದಿ ಸೂತ್ರದಿಂದ ಮೇಳದ ಸಂಖ್ಯೆ ತಿಳಿಯಲೆಂದು ರಾಗದ ಹೆಸರಿಗೆ ಅಕ್ಷರಗಳನ್ನು ಮುಂದೆ ಹಚ್ಚಿದರು. ಮಕಾರಕ್ಕೆ 5, ಯಕಾರಕ್ಕೆ 1; ತಿರುಗಿಸಿ ಓದಿದರೆ 15. ‘ಮಾಯಾ’ ಬಂದುದು ಆಗ. ದಾಸರ ಬಾಯಲ್ಲಿ ಈ ಹೆಸರನ್ನಿಡುವುದು ಕೃಷ್ಣದೇವರಾಯನನ್ನು ಮೈಸೂರು ದಸರೆಯ ಮೆರವಣಿಗೆಗೆ ಕರೆತಂದಂತೆ. ಆಧಾರಗ್ರಂಥಗಳು ಹೀಗೆಯೇ ಬರೆದಿರುವುದರಿಂದ ನಿಯಮದ ದೃಷ್ಟಿಯಲ್ಲಿ ವಾಕ್ಯ ನಿರ್ದುಷ್ಟ. ಇತಿಹಾಸದ ದೃಷ್ಟಿಯಲ್ಲಿ ಕಾಲವಿಪರ್ಯಾಸ. ಇದನ್ನು ಹಿಡಿಯಲು ಸಂಗೀತ ಬಲ್ಲವನೊಬ್ಬ, ಶಾಸನ ಬಲ್ಲವನೊಬ್ಬ ಒಂದೇ ಪುಟದ ಮುಂದೆ ಕುಳಿತಿರಬೇಕು. ಇಂತಹ ಸಹಯೋಗಕ್ಕೆ ಈ ಕೋಶದಲ್ಲಿ ಇರುವಷ್ಟು ಅವಕಾಶ ಹಿಂದಿನ ಯಾವ ಕೋಶದಲ್ಲಿಯೂ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಲಿಪಿಯ ಪ್ರಶ್ನೆಯನ್ನು ಹೊರನಾಡ ಕನ್ನಡಿಗರು ಲಘುವಾಗಿ ಎಣಿಸುವಂತಿಲ್ಲ. ಲೇಖನದ ಪೀಠಿಕೆಯಲ್ಲಿ ಭಾರತೀಯ ಲಿಪಿಗಳನ್ನು ಬಳಸಬಾರದೆಂದು ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು 2012ರಲ್ಲಿ ತೀರ್ಮಾನಿಸಿದರು. ಯಾವ ಲಿಪಿ ಮೊದಲು, ಯಾವುದು ಆಮೇಲೆ ಎಂಬ ಕಲಹ, ತಪ್ಪಾದ ಅಕ್ಷರವನ್ನು ಗುರುತಿಸಬಲ್ಲವರ ಅಭಾವ ಇವು ಅವರು ಕೊಟ್ಟ ಕಾರಣಗಳು. ಗದಗ ಜಿಲ್ಲೆಯಲ್ಲಿ ಹುಟ್ಟಿ ಪುಣೆಯಲ್ಲಿ ಬಾಳಿದ ಭೀಮಸೇನ ಜೋಶಿಯವರ ಹೆಸರಿನ ಮುಂದೆ ಕನ್ನಡ ಅಕ್ಷರ ಮೊದಲೋ ನಾಗರಿ ಮೊದಲೋ ಎಂದು ವಾದ ಹೂಡುವವರ ಸಂಖ್ಯೆ ನಮ್ಮಲ್ಲಿಯೂ ಕಡಮೆಯಿಲ್ಲವಾದುದರಿಂದ ಈ ಬೇಸರ ಅರ್ಥವಾಗುವಂಥದೇ. ಆದರೆ ನಷ್ಟ ಸಣ್ಣದಲ್ಲ. ಸವಾಯಿ ಗಂಧರ್ವರ ಕುಂದಗೋಳದಲ್ಲಿರುವುದು ಳಕಾರವೆಂದಾಗಲಿ, ಗಂಗೂಬಾಯಿಯವರ ಹಾನಗಲ್ಲಿನ ಮೊದಲಕ್ಷರ ದೀರ್ಘವೆಂದಾಗಲಿ ರೋಮನ್ ಅಕ್ಷರಗಳಿಂದ ಸಾಮಾನ್ಯ ಓದುಗನಿಗೆ ತಿಳಿಯುವುದಿಲ್ಲ. ಧ್ವನಿಲಿಪಿಯ ಚಿಹ್ನೆಗಳಿವೆಯೆಂದರೆ, ಅವನ್ನು ಓದಬಲ್ಲವರು ಎಷ್ಟು ಜನ?

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲಿಪಿಯ ತೊಡಕಿಲ್ಲ. ಇರುವುದು ಜನಬಲದ ತೊಡಕು. ಲೇಖನಗಳ ಸಂಖ್ಯೆ ಮೂವತ್ತು ಸಾವಿರವನ್ನು ಮೀರಿದ್ದರೂ ಸಂಖ್ಯೆಯನ್ನು ನಂಬುವಂತಿಲ್ಲ. 2009ರ ಅನಂತರ ಗೂಗಲ್ ಸಂಸ್ಥೆ ಯಂತ್ರದ ನೆರವಿನಿಂದ ಹಲವು ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಅನುವಾದ ಮಾಡಿಸಿ ತುಂಬಿತು. ಬಂಗಾಳಿಯ ಸ್ವಯಂಸೇವಕರು ಅದನ್ನು ತಡೆದರು. ತಮಿಳರು ಅದರ ಗುಣದೋಷಗಳನ್ನು 2010ರಲ್ಲಿ ಸಭೆಯ ಮುಂದೆ ಮಂಡಿಸಿದರು. ಕನ್ನಡದಲ್ಲಿ ಅವು ಬಹುಮಟ್ಟಿಗೆ ಹಾಗೆಯೇ ನಿಂತವು. ಪುಟ ತುಂಬ ಕನ್ನಡ ಅಕ್ಷರಗಳಿದ್ದರೂ ಒಂದು ವಾಕ್ಯವೂ ಕನ್ನಡವಾಗದ ಲೇಖನಗಳನ್ನು ಓದುವ ಕಷ್ಟ ಓದಿದವರಿಗೇ ಗೊತ್ತು. ಇದಕ್ಕೆ ಹೋಲಿಸಿದರೆ, 1969ರಲ್ಲಿ ಮೊದಲ ಸಂಪುಟ ಕಂಡು 14 ಸಂಪುಟಗಳಲ್ಲಿ ಮುಗಿದ ‘ಕನ್ನಡ ವಿಶ್ವಕೋಶ’ವನ್ನು ಮೈಸೂರು ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟುದು ದೊಡ್ಡ ಉಪಕಾರ. ಸ್ವಯಂಸೇವಕರು ಅದನ್ನು ವಿಕಿಸೋರ್ಸ್‌ನಲ್ಲಿ ಅಕ್ಷರಕ್ಕಿಳಿಸಿದ ಶ್ರಮ ಸ್ತುತ್ಯವಾದುದು. ಎಚ್ಚರ ಬೇಕಾದುದು ಎತ್ತಿಕೊಳ್ಳುವಾಗ. 1973ರ ನವೆಂಬರ್ 1ಕ್ಕೆ ಮುಂಚೆ ಅಚ್ಚಾದ ಸಂಪುಟದಲ್ಲಿ ‘ಮೈಸೂರು ರಾಜ್ಯ’ವೆಂದಿರುವುದು ಸರಿ, ಇಂದಿನ ಲೇಖನದೊಳಕ್ಕೆ ಹಾಗೆಯೇ ಇಳಿದರೆ ತಪ್ಪು.

ಕೊನೆಯದಾಗಿ ಪಾಠಾಂತರದ ವಿಷಯ. ದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ಉಳಿದುಬಂದಿಲ್ಲ. ಒಂದೇ ಪದವನ್ನು ಒಂದು ಪರಂಪರೆ ಒಂದು ರಾಗದಲ್ಲಿ, ಇನ್ನೊಂದು ಪರಂಪರೆ ಬೇರೊಂದರಲ್ಲಿ ಹಾಡುತ್ತದೆ; ಭೀಮಸೇನ ಜೋಶಿಯವರ ‘ದಾಸವಾಣಿ’ಯಲ್ಲಿ ಅವಕ್ಕೆ ಹಿಂದೂಸ್ಥಾನೀ ರಾಗಗಳ ಉಡುಗೆಯೂ ದೊರೆಯಿತು. ಕೋಷ್ಟಕದಲ್ಲಿ ‘ರಾಗ’ವೆಂಬ ಕಾಲಮಿನ ಕೆಳಗೆ ಒಂದೇ ಹೆಸರನ್ನು ಬರೆದರೆ ಅದು ತಪ್ಪಲ್ಲ, ಅರ್ಧಸತ್ಯ. ಯಾರ ಪಾಠದಲ್ಲಿ ಈ ರಾಗ ಎಂಬುದನ್ನು ಸೇರಿಸಬೇಕು. ಹಾಗೆ ಸೇರಿಸುವುದಕ್ಕೆ ಅಚ್ಚಾದ ಆಧಾರ ಬೇಕು. ಗುರುವಿನ ಮುಂದೆ ಕುಳಿತು ಕಲಿತದ್ದು ಅಚ್ಚಾದುದಲ್ಲ. ಬಾಯಿಮಾತಿನ ಸಾಕ್ಷ್ಯವನ್ನು ಧ್ವನಿಮುದ್ರಿಸಿ ಆಕರವಾಗಿ ಬಳಸುವ ಪ್ರಯೋಗವೊಂದು 2011ರಲ್ಲಿ ಹಿಂದಿ, ಮಲೆಯಾಳ ಹಾಗೂ ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ನಡೆಯಿತು. ಅದು ಸಾಮಾನ್ಯ ನಿಯಮವಾಗಿ ಬೆಳೆಯಲಿಲ್ಲ. ಹೀಗಿರುವಾಗ ನಡುವಿನ ಒಂದು ದಾರಿ ಹೊರನಾಡಿನ ಕನ್ನಡ ಸಂಘಗಳ ಕಪಾಟುಗಳಲ್ಲಿದೆ. ಕಛೇರಿಗಳ ಕಾರ್ಯಕ್ರಮಪತ್ರ, ವಾರ್ಷಿಕೋತ್ಸವದ ಸ್ಮರಣ ಸಂಚಿಕೆ, ಹಾಡುಗಾರರ ಸಂದರ್ಶನ ಇವೆಲ್ಲ ದಿನಾಂಕವುಳ್ಳವು. ಸಂಚಿಕೆಗಳಿಗಂತೂ ಸಂಪಾದಕರೂ ಇರುತ್ತಾರೆ. ಯಾವ ಗ್ರಂಥಾಲಯದ ಸೂಚಿಯಲ್ಲಿಯೂ ಸೇರದಿರುವುದರಿಂದ ದೂರದ ಪರಿಶೀಲಕನ ಪಾಲಿಗೆ ಇವು ಇಲ್ಲದಂತೆಯೇ. ಎಷ್ಟೋ ಸಂಚಿಕೆಗಳಿಗೆ ಪುಟಸಂಖ್ಯೆ ಸಹ ಹಾಕಿರುವುದಿಲ್ಲ.